ಸಂಜೆ ಸರಿಯಿದ್ದ ವೆಲ್ಡ್ ಬೆಳಿಗ್ಗೆ ಬಿರುಕು ಬಿಟ್ಟಿದೆ, ಯಾಕೆ?

ಪ್ರಶ್ನೆ: ಸರ್, ಮಂಡ್ಯದಲ್ಲಿ ನಮ್ಮದೊಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್. ಕಬ್ಬಿನ ಟ್ರೈಲರ್, ಆಲೆಮನೆ ಕ್ರಷರ್ ರಿಪೇರಿ ಎಲ್ಲ ಮಾಡುತ್ತೇವೆ. ಈ ಸಲ ಕ್ರಷರ್ ಬೇಸ್‌ಗೆ 40 ಎಂಎಂ ಪ್ಲೇಟ್ ಬಂತು, ಇ350 ಗ್ರೇಡ್, ಅಂದರೆ ಹೆಚ್ಚು ಬಲದ ಸ್ಟೀಲ್. ಕಡಿಮೆ ಹೈಡ್ರೋಜನ್ನಿನ 7018 ವೆಲ್ಡಿಂಗ್ ರಾಡ್‌ನಲ್ಲೇ ಹೊಡೆದಿದ್ದು. ಸಂಜೆ ವೆಲ್ಡ್ ಮೇಲಿನ ಸ್ಲ್ಯಾಗ್ ಪದರ ತೆಗೆದು ನೋಡಿದಾಗ ಚೆನ್ನಾಗಿತ್ತು, ಬೆಳಿಗ್ಗೆ ನೋಡಿದರೆ ವೆಲ್ಡ್ ಅಂಚಿನ ಉದ್ದಕ್ಕೂ ಕೂದಲೆಳೆಯಂಥ ಗೆರೆ. ರಾಡ್ ಡೂಪ್ಲಿಕೇಟಾ?

ಉತ್ತರ: ಡೂಪ್ಲಿಕೇಟ್ ಇರಲಿಕ್ಕಿಲ್ಲ. ಬಿರುಕು ಬಂದಿರೋದು ವೆಲ್ಡ್ ಪಕ್ಕದ ಪ್ಲೇಟಿನಲ್ಲಿ, ಅದೂ ತಣ್ಣಗಾಗಿ ಎಷ್ಟೋ ಹೊತ್ತಾದ ಮೇಲೆ ಅಲ್ವಾ? ಹಾಗಾದರೆ ಮೊದಲ ಅನುಮಾನ ಹೈಡ್ರೋಜನ್ ಮೇಲೆ. ರಾಡ್ ಕೋಟಿಂಗಿನ ತೇವ, ಪ್ಲೇಟಿನ ತುಕ್ಕು, ಎಣ್ಣೆ, ಪೇಂಟ್ ಎಲ್ಲ ಆರ್ಕ್ ಬಿಸಿಗೆ ಒಡೆದು, ಅದರ ಹೈಡ್ರೋಜನ್ ಕರಗಿದ ಲೋಹದೊಳಗೆ ಹೋಗುತ್ತದೆ. ದಪ್ಪ ಪ್ಲೇಟ್ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ಹಾಗಾಗಿ ವೆಲ್ಡ್ ಪಕ್ಕದ ಜಾಗ ಗಡುಸಾಗುತ್ತದೆ. ಆ ಗಡುಸು ಜಾಗಕ್ಕೆ ಹೈಡ್ರೋಜನ್ ನಿಧಾನವಾಗಿ ಸೇರಿ, ಜಾಯಿಂಟಿನ ಎಳೆತವೂ ಸೇರಿದರೆ ಮುಗೀತು.

ಪ್ಲೇಟಿನ ಟೆಸ್ಟ್ ಸರ್ಟಿಫಿಕೇಟ್ ಇದ್ದರೆ ಹಾಕಿ. ರಾಡ್ ಪ್ಯಾಕೆಟ್ ಒಡೆದು ಎಷ್ಟು ದಿನ ಆಗಿತ್ತು?

ಪ್ರಶ್ನೆ: ತಿಂಗಳ ಮೇಲಾಯ್ತು ಸರ್, ಮಳೆಗಾಲ ಬೇರೆ. ಸರ್ಟಿಫಿಕೇಟಿನಲ್ಲಿ ಕಾರ್ಬನ್ 0.19, ಮ್ಯಾಂಗನೀಸ್ 1.5 ಅಂತಿದೆ.

ಉತ್ತರ: ಮ್ಯಾಂಗನೀಸನ್ನು 6ರಿಂದ ಭಾಗಿಸಿ ಕಾರ್ಬನ್‌ಗೆ ಕೂಡಿಸಿ. 0.19 ಜೊತೆ 0.25, ಅಂದರೆ 0.44. ಕ್ರೋಮಿಯಂ, ನಿಕ್ಕಲ್ ಇದ್ದರೆ ಇನ್ನೂ ಸ್ವಲ್ಪ ಏರುತ್ತದೆ. ಇದು ಕಾರ್ಬನ್ ಈಕ್ವಿವಲೆಂಟ್, ಹೆಚ್ಚಿದಷ್ಟೂ ವೆಲ್ಡ್ ಪಕ್ಕದ ಜಾಗ ಗಡುಸಾಗೋದು ಜಾಸ್ತಿ. ಇಷ್ಟಿದ್ದು 40 ಎಂಎಂ ದಪ್ಪವೂ ಇದ್ದರೆ ನಾನು 100 ಡಿಗ್ರಿ ಸುತ್ತ ಬಿಸಿ ಮಾಡದೆ ಕೈ ಹಾಕಲ್ಲ. ಕಟಿಂಗ್ ಟಾರ್ಚಿನಲ್ಲಿ ಒಂದೇ ಕಡೆ ಸುಡಬೇಡಿ, ಅಗಲ ಜ್ವಾಲೆಯ ಗ್ಯಾಸ್ ಬರ್ನರ್ ಓಡಿಸಿ. ಜ್ವಾಲೆ ತೆಗೆದು ಬಿಸಿ ಹರಡಲು ಸ್ವಲ್ಪ ಬಿಟ್ಟು, ಜಾಯಿಂಟಿನಿಂದ 75 ಎಂಎಂ ದೂರದಲ್ಲಿ ಟೆಂಪರೇಚರ್ ಚಾಕ್ ಎಳೆದು ನೋಡಿ. ಗೊತ್ತಾದ ಡಿಗ್ರಿಗೆ ಕರಗುವ ಚಾಕ್ ಅದು. ಟ್ಯಾಕ್ (ಪ್ಲೇಟನ್ನು ಜಾಗದಲ್ಲಿ ಹಿಡಿದಿಡುವ ಸಣ್ಣ ವೆಲ್ಡ್) ಹೊಡೆಯುವಾಗಲೂ ಇದೇ ಬಿಸಿ ಬೇಕು, ಯಾಕಂದರೆ ಸಣ್ಣ ಟ್ಯಾಕ್ ಎಲ್ಲಕ್ಕಿಂತ ಬೇಗ ತಣ್ಣಗಾಗುತ್ತದೆ. ಟ್ಯಾಕ್ ತಾನೇ ಅಂತ ಬಿಸಿ ಮಾಡದೆ ಬಿಡೋರೇ ಜಾಸ್ತಿ.

ಮುಗಿದ ಮೇಲೆ ನೀರು ಹಾಕಬೇಡಿ, ಒಣ ಹೊದಿಕೆ ಮುಚ್ಚಿ. ಚೆಕಿಂಗ್ 48 ಗಂಟೆ ಬಿಟ್ಟು ಮಾಡಿ.

ಪ್ರಶ್ನೆ: ರಾಡ್ ಒಣಗಿಸೋಕೆ ಓವನ್ ಇಲ್ಲ ಸರ್. ರಾಡ್ ಬಿಸಿಲಿಗೆ ಇಟ್ಟರೆ ಸಾಕಾ? ಇಲ್ಲಾಂದ್ರೆ ಸಾಮಾನ್ಯ ರಾಡ್ 6013ರಲ್ಲೇ ಹೊಡೆಯೋಣವಾ?

ಉತ್ತರ: ಬಿಸಿಲಿಗೆ ಮೇಲಿನ ತೇವ ಹೋಗಬಹುದು, ಕೋಟಿಂಗ್ ಒಳಗೆ ಹಿಡಿದುಕೊಂಡಿರೋದು ಹೋಗಲ್ಲ. 7018ಗೆ 300ರಿಂದ 350 ಡಿಗ್ರಿಯಲ್ಲಿ ಒಂದೆರಡು ಗಂಟೆ ಬೇಕು, ಸರಿಯಾದ ಲೆಕ್ಕ ಪ್ಯಾಕೆಟ್ ಮೇಲೇ ಇರುತ್ತದೆ. 6013 ಈ ಕೆಲಸಕ್ಕೆ ಬೇಡವೇ ಬೇಡ, ಅದರಲ್ಲಿ ಹೈಡ್ರೋಜನ್ ಇನ್ನೂ ಜಾಸ್ತಿ. ನಿಮ್ಮಲ್ಲಿ ಸಿಒಟು ಮೆಷಿನ್ (ರಾಡ್ ಬದಲು ವೈರ್ ಮತ್ತು ಗ್ಯಾಸಿನಲ್ಲಿ ವೆಲ್ಡ್ ಮಾಡೋದು) ಇದ್ದರೆ ತುಕ್ಕಿಲ್ಲದ ಸಾಲಿಡ್ ವೈರ್ ಹಾಕಿ ಮಾಡಿ, ಕೋಟಿಂಗ್ ತೇವದ ಗೋಳೇ ಇರಲ್ಲ. ಪ್ಲೇಟ್ ಬಿಸಿ ಮಾಡೋದು ಮಾತ್ರ ಆಗಲೂ ತಪ್ಪಲ್ಲ.

ಈಗಿನ ಬಿರುಕಿನ ಮೇಲೆ ಸುಮ್ನೆ ಇನ್ನೊಂದು ಪದರ ವೆಲ್ಡ್ ಎಳೆಯಬೇಡಿ, ಒಳಗೆ ಹಾಗೇ ಇರುತ್ತದೆ. ಪೂರ್ತಿ ಗ್ರೈಂಡ್ ಮಾಡಿ ತೆಗೆದು, ಡೈ ಪೆನೆಟ್ರೆಂಟ್ (ಬಿರುಕಿನೊಳಗೆ ಇಳಿದು ಅದನ್ನು ತೋರಿಸುವ ಬಣ್ಣ) ಹೊಡೆದು ಕೆಂಪು ಗೆರೆ ಬರಲ್ಲ ಅಂತ ಖಾತ್ರಿಯಾದ ಮೇಲೆ, ಆ ಡೈ ಚೆನ್ನಾಗಿ ಒರೆಸಿ, ಬಿಸಿ ಮಾಡಿ ಮತ್ತೆ ತುಂಬಿ.