ಗಡ್ಡೆ ಅಂಡಾಶಯದಲ್ಲಿ, ರಿಪೋರ್ಟಿನಲ್ಲಿ ಟ್ಯೂಬ್ ಅಂತ ಯಾಕೆ?

ಪ್ರಶ್ನೆ (ತೀರ್ಥಹಳ್ಳಿಯಿಂದ): ನಮಸ್ತೆ ಮೇಡಂ. ಅಮ್ಮನಿಗೆ 61 ವರ್ಷ. ಅಂಡಾಶಯದ ಕ್ಯಾನ್ಸರ್ ಅಂತ ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ಬಯಾಪ್ಸಿ ರಿಪೋರ್ಟಿನಲ್ಲಿ ‘ಹೈ ಗ್ರೇಡ್ ಸೀರಸ್ ಕಾರ್ಸಿನೋಮಾ, ಮೂಲ ಫೆಲೋಪಿಯನ್ ಟ್ಯೂಬ್’ ಅಂತಿದೆ. ಗಡ್ಡೆ ಇದ್ದದ್ದು ಅಂಡಾಶಯದಲ್ಲಿ ಅಲ್ವಾ? ರಿಪೋರ್ಟ್ ಅದಲುಬದಲಾಗಿದೆಯಾ?

ಉತ್ತರ (ಪೆಥಾಲಜಿಸ್ಟ್, ಶಿವಮೊಗ್ಗ): ಆ ಒಂದು ಸಾಲಿಗೆ ಹೆದರಬೇಡಿ. ಫೆಲೋಪಿಯನ್ ಟ್ಯೂಬ್ ಅಂದರೆ ಅಂಡಾಣುವನ್ನು ಗರ್ಭಕೋಶಕ್ಕೆ ಸಾಗಿಸುವ ನಾಳ. ಈ ಜಾತಿಯ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದೇ ಆ ಟ್ಯೂಬಿನ ತುದಿಯಲ್ಲಿ. ಅಂಡಾಶಯದ ಮಗ್ಗುಲಲ್ಲೇ ಟ್ಯೂಬಿನ ಬಾಯಿ ಸೆರಗಿನ ಕುಚ್ಚಿನ ಹಾಗೆ ಎಳೆ ಎಳೆಯಾಗಿರುತ್ತದೆ. ಅಲ್ಲಿನ ಒಳಪದರದ ಜೀವಕೋಶಗಳಲ್ಲಿ ಪಿ53 ಎಂಬ ಕಾವಲು ಜೀನ್ ಮೊದಲು ಕೆಡುತ್ತದೆ. ಕೆಟ್ಟ ಕೋಶಗಳು ಉದುರಿ ಅಂಡಾಶಯಕ್ಕೆ ಅಂಟಿಕೊಂಡು ಬೆಳೆಯುತ್ತವೆ. ಸ್ಕ್ಯಾನಿನಲ್ಲಿ ಕಾಣುವುದು ಆ ಗಡ್ಡೆ. ಮೂಲದ ಜಾಗ ಬರಿಗಣ್ಣಿಗೆ ಕಾಣದಷ್ಟು ಚಿಕ್ಕದಿರಬಹುದು.

2001ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಇದರ ಸುಳಿವು ಕೊಟ್ಟರು. ಮನೆತನದಲ್ಲಿ ಈ ಕ್ಯಾನ್ಸರ್ ಇದೆ ಅಂತ ಮುಂಜಾಗ್ರತೆಗೆ ತೆಗೆದ ಟ್ಯೂಬುಗಳಲ್ಲೇ ಕೋಶಗಳು ಕೆಡಲು ಶುರುವಾಗಿದ್ದವು. ಅದಕ್ಕೇ ಈಗ ಟ್ಯೂಬಿನ ತುದಿಯನ್ನು ಉದ್ದಕ್ಕೆ ಸೀಳಿ, ಉಳಿದದ್ದನ್ನು 2-3 ಮಿ.ಮೀ. ಬಿಲ್ಲೆಗಳಾಗಿ ಕೊಯ್ದು, ಪೂರ್ತಿ ಮೇಣದಲ್ಲಿ ಕೂರಿಸಿ ನೋಡುತ್ತೇವೆ. ರಿಪೋರ್ಟ್ ತಡ ಅಂತ ಬೈಸಿಕೊಳ್ಳುವುದೂ ಇದಕ್ಕೇ! ಪಿ53 ಬಣ್ಣ ಹಾಕಿದಾಗ ಸಾಮಾನ್ಯವಾಗಿ ಕೆಟ್ಟ ಕೋಶಗಳ ಸಣ್ಣ ಪಟ್ಟಿ ಮಾತ್ರ ಗಾಢ ಕಂದಾಗಿ ಎದ್ದು ಕಾಣುತ್ತದೆ.

ಹಾಗಂತ ಎಲ್ಲವೂ ಟ್ಯೂಬಿನದಲ್ಲ. ಕ್ಲಿಯರ್ ಸೆಲ್, ಎಂಡೊಮೆಟ್ರಿಯಾಯ್ಡ್ ಜಾತಿಯವಕ್ಕೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ತೊಂದರೆ) ನಂಟು ಜಾಸ್ತಿ. ಹದಿಹರೆಯದ ಹುಡುಗಿಯರಲ್ಲಿ ಬರುವುದು ಹೆಚ್ಚಾಗಿ ಅಂಡಾಣುವಾಗಬೇಕಿದ್ದ ಕೋಶಗಳಿಂದ.

ಪ್ರಶ್ನೆ (ಸಾಗರದಿಂದ): ಹಾಗಾದ್ರೆ ಗರ್ಭಕೋಶ ತೆಗೆಸಿಬಿಟ್ರೆ ಸೇಫಾ ಮೇಡಂ? ಇಲ್ಲಾ ವರ್ಷಕ್ಕೊಮ್ಮೆ ಸಿಎ-125 ರಕ್ತಪರೀಕ್ಷೆ ಮಾಡಿಸ್ಲಾ?

ಉತ್ತರ: ಎರಡೂ ಬೇಡ. ಗರ್ಭಕೋಶ ಮಾತ್ರ ತೆಗೆದರೆ ಟ್ಯೂಬು ಅಲ್ಲೇ ಉಳಿಯುತ್ತದಲ್ಲ! ಬೇರೆ ಕಾರಣಕ್ಕೆ ಆಪರೇಷನ್ ಆಗಲೇಬೇಕು, ಮಕ್ಕಳೂ ಸಾಕು ಅನ್ನುವವರು ‘ಟ್ಯೂಬೂ ತೆಗೀಬಹುದಾ’ ಅಂತ ಸರ್ಜನ್ನರನ್ನು ಕೇಳಿ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2010ರಿಂದ ಹೀಗೆ ಸಲಹೆ ಕೊಡುತ್ತಿದ್ದಾರೆ. ಸಿಎ-125 ವಿಷಯಕ್ಕೆ ಬಂದರೆ, ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ ಈ ತಪಾಸಣೆಯಿಂದ ಸಾವು ಕಡಿಮೆಯಾಗಲಿಲ್ಲ. ತೊಂದರೆ ಏನೂ ಇಲ್ಲದವರು ಸುಮ್ನೆ ದುಡ್ಡು ಕಳೆಯಬೇಡಿ.

ತೀರ್ಥಹಳ್ಳಿಯವರೇ, ಅಮ್ಮನಿಗೆ ಬಿಆರ್‌ಸಿಎ ಪರೀಕ್ಷೆ (ಮನೆತನದಲ್ಲಿ ಈ ಕ್ಯಾನ್ಸರ್ ತರುವ ಜೀನ್ ದೋಷ ಹುಡುಕುವ ಪರೀಕ್ಷೆ) ಆಗಿದೆಯಾ ಕೇಳಿ. ಔಷಧಿ ಆರಿಸಲಿಕ್ಕೂ ಅದು ಬೇಕು. ಪಾಸಿಟಿವ್ ಬಂದರೆ ನೀವು, ಒಡಹುಟ್ಟಿದವರು ಎಲ್ಲರೂ ಮಾಡಿಸಿ, ಗಂಡುಮಕ್ಕಳೂ ಸೇರಿ. ರಿಪೋರ್ಟಿನ ಅನುಮಾನ ಹೋಗದಿದ್ದರೆ ಲ್ಯಾಬಿನಿಂದ ಸ್ಲೈಡು, ಮೇಣದ ಬ್ಲಾಕು ಎರಡನ್ನೂ ಕೇಳಿ ಪಡೆದು ಬೆಂಗಳೂರಲ್ಲಿ ಇನ್ನೊಬ್ಬರಿಗೆ ತೋರಿಸಿ. ಬರೀ ಫೈಲ್ ಹಿಡಿದು ಬಸ್ ಹತ್ತಬೇಡಿ.