ಹಳೆಯ ವಾಲ್ವ್ ರೇಡಿಯೊದಲ್ಲಿ ಶಾರ್ಟ್‌ವೇವ್ ಕೇಂದ್ರ ಜಾರಿಹೋಗದಂತೆ ಹಿಡಿಯುವುದು ಹೇಗೆ?

ಪ್ರಶ್ನೆ: ಸರ್, ತಾತನವರ ಕಾಲದ ವಾಲ್ವ್ ರೇಡಿಯೊ ದುರಸ್ತಿಯಾಗಿ ಮತ್ತೆ ಹಾಡುತ್ತಿದೆ. ಮೀಡಿಯಂ ವೇವ್ ಕೇಂದ್ರಗಳು ಸಲೀಸಾಗಿ ಸಿಗುತ್ತವೆ. ಶಾರ್ಟ್‌ವೇವ್‌ನಲ್ಲಿ ಮಾತ್ರ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೂ ಕೇಂದ್ರ ತಪ್ಪಿಹೋಗುತ್ತದೆ. ಪೆಟ್ಟಿಗೆಗೆ ತೂತು ಕೊರೆಯದೆ ಇದಕ್ಕೆ ಪರಿಹಾರವಿದೆಯೇ?

ಉತ್ತರ: ಇದೆ. ಮೀಡಿಯಂ ವೇವ್‌ನ ಡಯಲ್ ಸುಮಾರು 530ರಿಂದ 1600 ಕಿಲೋಹರ್ಟ್ಸ್‌ವರೆಗೆ ಮಾತ್ರ ಇರುತ್ತದೆ. ಕೇಂದ್ರ ಹುಡುಕುವ ಗುಂಡಿಯೊಂದಿಗೆ ತಿರುಗುವ ಅದೇ ಗ್ಯಾಂಗ್ ಕಂಡೆನ್ಸರ್ ಅದೇ ಅರ್ಧ ಸುತ್ತಿನಲ್ಲಿ 6ರಿಂದ 18 ಮೆಗಾಹರ್ಟ್ಸ್‌ವರೆಗೆ ಸಾಗಬೇಕಾದಾಗ, 5 ಕಿಲೋಹರ್ಟ್ಸ್ ಅಂತರದಂತೆ 2400 ಸ್ಥಾನಗಳು ಅಷ್ಟೇ ಜಾಗದಲ್ಲಿ ಒತ್ತೊತ್ತಾಗಿ ಕೂರುತ್ತವೆ. ಹಾಗಾಗಿ ನಿಮ್ಮ ಕೈಯದೇನೂ ತಪ್ಪಿಲ್ಲ.

ಮೊದಲು ಡಯಲ್ ದಾರ ಸಡಿಲವಾಗಿದೆಯೇ, ಗ್ಯಾಂಗಿನ ಬೇರಿಂಗ್‌ನಲ್ಲಿ ಗ್ರೀಸ್ ಒಣಗಿದೆಯೇ ಎಂದು ನೋಡಿ. ಅರ್ಧ ತೊಂದರೆ ಅಲ್ಲಿಯೇ ಇರುವುದುಂಟು.

ಮುಳ್ಳು ಯಾವ ಕೇಂದ್ರದ ಮೇಲೆ ನಿಲ್ಲಬೇಕೆಂಬುದನ್ನು ನಿರ್ಧರಿಸುವುದು ಆಸಿಲೇಟರ್, ಅಂದರೆ ರೇಡಿಯೊದೊಳಗೇ ಕಂಪನ ಹುಟ್ಟಿಸುವ ಸರ್ಕ್ಯೂಟ್. ಏರಿಯಲ್ ಕಡೆಯ ಸರ್ಕ್ಯೂಟ್ ಅಷ್ಟು ಸೂಕ್ಷ್ಮವಲ್ಲದ್ದರಿಂದ ಸಣ್ಣ ಬದಲಾವಣೆಯನ್ನು ಸಹಿಸಿಕೊಳ್ಳುತ್ತದೆ. ಆದ್ದರಿಂದ ಗ್ಯಾಂಗಿನ ಆಸಿಲೇಟರ್ ಭಾಗಕ್ಕೆ ಮಾತ್ರ ಕಿರಿದಾದ ಹೊಂದಾಣಿಕೆಯೊಂದನ್ನು ಸೇರಿಸಿದರೆ ಸಾಕು. ಅಲ್ಲಿ ಒಟ್ಟು ಧಾರಣೆ (ಕೆಪಾಸಿಟೆನ್ಸ್) 100 ಪಿಕೋಫ್ಯಾರಡ್ ಇದ್ದರೆ, 1 ಪಿಕೋಫ್ಯಾರಡ್ ವ್ಯತ್ಯಾಸವು 10 ಮೆಗಾಹರ್ಟ್ಸ್ ಬಳಿ ಸುಮಾರು 50 ಕಿಲೋಹರ್ಟ್ಸ್ ಸರಿಸುತ್ತದೆ; ಒಂದು ಗುಂಡಿಯ ಪೂರ್ತಿ ತಿರುವಿಗೆ ಹತ್ತು ಸ್ಥಾನಗಳು ಹಂಚಿಕೊಂಡರೆ ಹುಡುಕಾಟ ಎಷ್ಟು ನೆಮ್ಮದಿಯಾಗುತ್ತದೆ ಎಂಬುದನ್ನು ಕೈಯಾರೆ ಅನುಭವಿಸಿಯೇ ತಿಳಿಯಬೇಕು! ವೋಲ್ಟೇಜ್ ಬದಲಾದಂತೆ ಧಾರಣೆ ಬದಲಾಗುವ ಒಂದು ವ್ಯಾರಿಕ್ಯಾಪ್ ಡಯೋಡನ್ನು ಸುಮಾರು 5 ಪಿಕೋಫ್ಯಾರಡ್ ಕಂಡೆನ್ಸರ್ ಮೂಲಕ ಆಸಿಲೇಟರ್ ಗ್ಯಾಂಗಿಗೆ ಜೋಡಿಸಿ, 9 ವೋಲ್ಟ್ ಬ್ಯಾಟರಿಯಿಂದ 100 ಕಿಲೋಓಮ್ ಪೊಟೆನ್ಶಿಯೊಮೀಟರ್ (ಗುಂಡಿ ತಿರುಗಿಸಿ ವೋಲ್ಟೇಜ್ ಹೆಚ್ಚುಕಡಿಮೆ ಮಾಡುವ ರೆಸಿಸ್ಟರ್) ಮೂಲಕ ಅದಕ್ಕೆ ಹಿಮ್ಮುಖ ವೋಲ್ಟೇಜ್ ಕೊಡಿ. ಪೊಟೆನ್ಶಿಯೊಮೀಟರಿನ ನಡುತುದಿಗೂ ಡಯೋಡಿಗೂ ಮಧ್ಯೆ ಇನ್ನೊಂದು 100 ಕಿಲೋಓಮ್ ರೆಸಿಸ್ಟರ್ ಇರಲಿ. ಡಯೋಡಿನ ತಂತಿಗಳು ಗಿಡ್ಡವಾಗಿರಬೇಕು. ವೋಲ್ಟೇಜ್ ತಂತಿ ಉದ್ದವಿದ್ದರೂ ಚಿಂತೆಯಿಲ್ಲ, ಹಾಗಾಗಿ ಗುಂಡಿಯನ್ನು ಹಿಂಬದಿಯಿಂದ ಹೊರತಂದು ಪುಟ್ಟ ಡಬ್ಬಿಯಲ್ಲಿ ಇಡಬಹುದು.

ಮರುಪ್ರಶ್ನೆ: ನನ್ನದು ಟ್ರಾನ್ಸ್‌ಫಾರ್ಮರ್ ಇಲ್ಲದ ಸೆಟ್. ಇದನ್ನು ಮಾಡಬಹುದೇ, ಸರ್?

ಉತ್ತರ: ಅಂಥ ಸೆಟ್ಟಿನ ಷಾಸಿಗೆ (ಒಳಗಿನ ಲೋಹದ ಚೌಕಟ್ಟಿಗೆ) ನೇರವಾಗಿ ಮನೆಯ ವಿದ್ಯುತ್ತೇ ಬರಬಹುದು, ಅದರೊಂದಿಗೆ ನಿಮ್ಮ ಬ್ಯಾಟರಿಗೂ ಪೊಟೆನ್ಶಿಯೊಮೀಟರಿಗೂ ಬರುತ್ತದೆ. ಸೆಟ್ಟನ್ನು ಮನೆಯ ವಿದ್ಯುತ್ ತಂತಿಯಿಂದ ಬೇರ್ಪಡಿಸುವ ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ದಯವಿಟ್ಟು ಕೈ ಹಾಕಬೇಡಿ. ಇದ್ದರೂ ಡಬ್ಬಿ, ಗುಂಡಿ ಎರಡೂ ಪ್ಲಾಸ್ಟಿಕ್‌ನದೇ ಆಗಿರಲಿ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕಂಡೆನ್ಸರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ, ರೆಸಿಸ್ಟರ್ ಮೂಲಕ ಅದನ್ನು ಇಳಿಸಿಯೇ ಬೆಸುಗೆಗೆ ಕೂರಬೇಕು. ಜೋಡಣೆ ಮುಗಿದ ಮೇಲೆ ಸೆಟ್ಟನ್ನು ಇಪ್ಪತ್ತು ನಿಮಿಷ ಬಿಸಿಯಾಗಲು ಬಿಟ್ಟು, ಹೊಸ ಗುಂಡಿಯನ್ನು ನಡುವಿಗೆ ತಂದು, ಡಯಲಿನ ಗುರುತುಗಳು ಹೊಂದುವಂತೆ ಆಸಿಲೇಟರಿನ ಶಾರ್ಟ್‌ವೇವ್ ಟ್ರಿಮ್ಮರನ್ನು (ಹೊಂದಿಸುವ ಪುಟ್ಟ ಕಂಡೆನ್ಸರನ್ನು) ತುಸುವೇ ಸರಿಪಡಿಸಿಕೊಳ್ಳಿ.