ಮಲೆನಾಡಿನ ಕಟ್ಟಡಕ್ಕೆ ಹಸಿರು ರೇಟಿಂಗ್: ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬದಲಿಸಬೇಕು?

ಪ್ರಶ್ನೆ (ಸಕಲೇಶಪುರದಿಂದ)

ಮಾನ್ಯರೇ, ನಮ್ಮ ಕಾಫಿ ತೋಟದ ಅಂಚಿನ ಇಳಿಜಾರಿನಲ್ಲಿ ಎಂಟು ಕೋಣೆಗಳ ಹೋಂಸ್ಟೇ ಕಟ್ಟಲು ಹೊರಟಿದ್ದು, ಅದಕ್ಕೆ ಹಸಿರು ಕಟ್ಟಡದ ರೇಟಿಂಗ್ ಪಡೆಯಬೇಕೆಂಬ ಆಸೆಯಿದೆ. ಸಲಹೆಗಾರರು ಕೊಟ್ಟ ಪಟ್ಟಿಯಲ್ಲಿ ಬಿಸಿಲನ್ನು ಹಿಂದಕ್ಕೆ ಚೆಲ್ಲುವ ಬಿಳಿ ತಾರಸಿ, ಇಂಗುಗುಂಡಿ ಹಾಗೂ ಸೋಲಾರ್ ವಾಟರ್ ಹೀಟರ್ ಮೊದಲ ಸಾಲಿನಲ್ಲಿವೆ. ಜೂನ್ ಕಳೆದರೆ ವಾರಗಟ್ಟಲೆ ಸೂರ್ಯನೇ ಕಾಣದ, ಗೋಡೆಗೆ ಬೂಷ್ಟು ಹಿಡಿಯದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸವಾದ ನಮ್ಮ ಕಡೆಗೆ ಇವು ಎಷ್ಟು ಹೊಂದುತ್ತವೆ? ಆ ಅಂಕಗಳನ್ನು ಬಿಟ್ಟುಬಿಡಬೇಕೆ, ಅಥವಾ ಸ್ಥಳಕ್ಕೆ ತಕ್ಕಂತೆ ಬದಲಿಸಿಕೊಂಡು ಕೇಳಲು ಅವಕಾಶವಿದೆಯೆ?

ಉತ್ತರ 1 (ಹಾಸನದ ವಾಸ್ತುಶಿಲ್ಪಿ)

ತೊಡಕು ಪಟ್ಟಿಗಿಂತ ಮೊದಲೇ, ವಲಯದ ನಕ್ಷೆಯಲ್ಲೇ ಇದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯು ದೇಶವನ್ನು ಐದು ಹವಾಮಾನ ವಲಯಗಳಾಗಿ ವಿಂಗಡಿಸುವಾಗ ತಿಂಗಳ ಸರಾಸರಿ ಗರಿಷ್ಠ ಉಷ್ಣಾಂಶ ಮತ್ತು ಸಾಪೇಕ್ಷ ಆರ್ದ್ರತೆಯನ್ನು ನೋಡುತ್ತದೆಯೇ ಹೊರತು, ಎಷ್ಟು ಮಳೆ ಬೀಳುತ್ತದೆ, ಎರಚಲು ಯಾವ ದಿಕ್ಕಿನಿಂದ ಹೊಡೆಯುತ್ತದೆ ಎಂಬುದನ್ನಲ್ಲ. ನಮಗೆ ಮನೆ ಕಟ್ಟುವಾಗ ಮೊದಲು ಬೇಕಾಗುವುದು ಅವೆರಡೇ.

ಕಿಟಕಿಯನ್ನೇ ತೆಗೆದುಕೊಳ್ಳಿ. ಕೇಂದ್ರ ಸರ್ಕಾರದ ಇಂಧನ ಉಳಿತಾಯದ ಸಂಹಿತೆಯಾದ 2018ರ ಇಕೋ ನಿವಾಸ್ ಸಂಹಿತೆಯ ಪ್ರಕಾರ ತೆರೆಯಬಹುದಾದ ಕಿಂಡಿಗಳ ವಿಸ್ತೀರ್ಣವು ನೆಲದ ವಿಸ್ತೀರ್ಣದಲ್ಲಿ ಸಮಶೀತೋಷ್ಣ ವಲಯದಲ್ಲಿ ಕನಿಷ್ಠ ಶೇ. 12.5, ಬಿಸಿ-ತೇವದ ವಲಯದಲ್ಲಿ ಶೇ. 16.66 ಇರಬೇಕು. 150 ಚದರಡಿಯ ಕೋಣೆಗೆ ಇದು ಸುಮಾರು 19 ಮತ್ತು 25 ಚದರಡಿಯ ವ್ಯತ್ಯಾಸ. ಈ ಸಂಹಿತೆ ವಾಸದ ಕಟ್ಟಡಗಳಿಗೆ ಸಂಬಂಧಿಸಿದ್ದಾದರೂ ಅಳತೆಗೋಲಾಗಿ ನಿಮಗೂ ಉಪಯುಕ್ತ. ನಿಮ್ಮ ವಲಯ ಯಾವುದೆಂದು ಬರೆದಿದ್ದರೂ ದೊಡ್ಡ ಅಳತೆಯನ್ನೇ ಹಿಡಿಯಿರಿ, ಆದರೆ ಮೂರು ಅಡಿಯ ಸೂರು ಇಲ್ಲದೆ ಹಿಡಿಯಬೇಡಿ. ಮಳೆಗೆಂದು ಚಾಚಿದ ಆ ಸೂರು, ಶಾಖದ ಲೆಕ್ಕ ಹಾಕುವಾಗ ಕಿಟಕಿಯ ನೆರಳಾಗಿಯೂ ಗಣನೆಗೆ ಬರುತ್ತದೆ.

ಬಿಳಿ ತಾರಸಿಯ ವಿಷಯದಲ್ಲಿ ನಿಮ್ಮ ಸಲಹೆಗಾರರು ಪೂರ್ತಿ ಓದಿಲ್ಲವೆಂದು ತೋರುತ್ತದೆ. ಲೀಡ್ ಎಂಬ ಅಮೆರಿಕದ ಹಸಿರು ರೇಟಿಂಗ್‌ನ 2009ರ ಆವೃತ್ತಿಯಲ್ಲಿ ಸೌರ ಪ್ರತಿಫಲನ ಸೂಚ್ಯಂಕವು (ಬಿಸಿಲನ್ನು ಹಿಂದಕ್ಕೆ ಚೆಲ್ಲಿ ತಂಪಾಗಿರುವ ಗುಣದ ಅಳತೆ) ಚಪ್ಪಟೆ ಮಾಡಿಗೆ 78 ಇರಬೇಕಿದ್ದರೆ, ಕಡಿದಾದ ಮಾಡಿಗೆ 29 ಸಾಕಿತ್ತು. ಹೊಸ ಕೆಂಪು ಹೆಂಚು ಅಷ್ಟನ್ನು ಮುಟ್ಟಬಲ್ಲದು, ಎರಡು ಮಳೆಗಾಲಕ್ಕೆ ಪಾಚಿ ಹಿಡಿದು ಕಪ್ಪಾಗುತ್ತದೆ ಎಂಬುದು ಬೇರೆ ಮಾತು.

ಉತ್ತರ 2 (ಮೂಡಿಗೆರೆಯ ಬೆಳೆಗಾರ)

ಇಂಗುಗುಂಡಿಯ ಅಂಕವನ್ನು ದಯವಿಟ್ಟು ಬಿಟ್ಟುಬಿಡಿ. 2018ರಲ್ಲಿ ಶಿರಾಡಿ ಘಾಟಿಯಲ್ಲಿಯೂ 2019ರಲ್ಲಿ ನಮ್ಮ ತಾಲ್ಲೂಕಿನಲ್ಲಿಯೂ ಗುಡ್ಡ ಕುಸಿದದ್ದನ್ನು ಕಂಡವರು, ಜುಲೈನಲ್ಲಿ ನೀರು ಕುಡಿದು ತುಂಬಿರುವ ಇಳಿಜಾರಿಗೆ, ಅದರಲ್ಲೂ ಮಣ್ಣು ಕಡಿದು ಮಟ್ಟಮಾಡಿದ ಜಾಗದ ಮೇಲ್ಭಾಗದಲ್ಲಿ, ಮತ್ತೆ ನೀರನ್ನು ಇಂಗಿಸುವ ಮಾತಾಡುವುದಿಲ್ಲ. ಮಾಡಿನ ನೀರನ್ನು ಕಲ್ಲು ಕಟ್ಟಿದ ಚರಂಡಿಯಲ್ಲಿ ಹಳ್ಳಕ್ಕೆ ಮುಟ್ಟಿಸಬೇಕು.

ಹಾಗೆಂದು ನೀರನ್ನು ಹಿಡಿಯಬೇಡಿ ಎಂದಲ್ಲ. ನೂರು ಚದರ ಮೀಟರ್ ಮಾಡಿನ ಮೇಲೆ 2000 ಮಿಲಿಮೀಟರ್ ಮಳೆಯಾದರೆ ಎರಡು ಲಕ್ಷ ಲೀಟರ್. ನಮ್ಮಲ್ಲಿ ಬಾವಿ ಬತ್ತುವುದು ಮಾರ್ಚ್‌ನಿಂದ ಮೇ ತನಕ, ಆ ಸುಮಾರು 90 ದಿನಕ್ಕೆ ದಿನಕ್ಕೆ 500 ಲೀಟರಿನಂತೆ 45,000 ಲೀಟರಿನ ತೊಟ್ಟಿ ಸಾಕು. ಸಾಲುವುದಿಲ್ಲವೆನಿಸಿದರೆ ಕೋಣೆಗಳ ಲೆಕ್ಕಕ್ಕೆ ಹೆಚ್ಚಿಸಿಕೊಳ್ಳಿ. ಸ್ನಾನದ ನೀರಿಗೆ ಮರಗಸಿಯ (ತೋಟದ ನೆರಳಿನ ಮರಗಳ ಕೊಂಬೆ ಸವರುವ ಕೆಲಸ) ಸೌದೆಯಿಂದ ಉರಿಯುವ ಹಂಡೆ ಒಲೆ ಇದೆ. ಮಳೆಗಾಲದ ಸೋಲಾರ್‌ಗಿಂತ ಅದೇ ನಂಬಿಕಸ್ಥ.

ಉತ್ತರ 3 (ಅರಸೀಕೆರೆಯ ಎಂಜಿನಿಯರ್)

ಮೇಲಿನ ಮಾತುಗಳೆಲ್ಲ ಸರಿ, ಆದರೆ ಅವುಗಳನ್ನು ‘ಹಾಸನ ಜಿಲ್ಲೆಗೆ’ ಎಂದು ಯಾರೂ ಬರೆದುಕೊಳ್ಳದಿರಲಿ. ನಿಮ್ಮಿಂದ ರಸ್ತೆಯಲ್ಲಿ ಸುಮಾರು ಎಂಬತ್ತು ಕಿಲೋಮೀಟರ್ ಈಶಾನ್ಯಕ್ಕಿರುವ ನಮ್ಮಲ್ಲಿ ಮಳೆ ನಿಮ್ಮ ಅರ್ಧಕ್ಕೂ ಬಹಳ ಕಡಿಮೆ, ಇಂಗುಗುಂಡಿಯೂ ಸೋಲಾರ್ ಹೀಟರೂ ಇಲ್ಲಿ ಪಟ್ಟಿಯಲ್ಲಿ ಬರೆದಂತೆಯೇ ಸಲ್ಲುತ್ತವೆ. ಕಡೂರಿನವರೂ ಇದನ್ನೇ ಹೇಳುತ್ತಾರೆ.

ಆದ್ದರಿಂದ ಜಿಲ್ಲೆಗೊಂದು ಪಟ್ಟಿ ಮಾಡುವುದಕ್ಕಿಂತ, ಸ್ಥಳದ ಅಂಕಿಅಂಶವನ್ನು ಒಳಗೆ ಬಿಟ್ಟುಕೊಳ್ಳುವ ಪದ್ಧತಿಯನ್ನು ಆರಿಸುವುದು ಜಾಣತನ. ಎಡ್ಜ್ ಎಂಬ ಅಂತರರಾಷ್ಟ್ರೀಯ ರೇಟಿಂಗ್ ಪದ್ಧತಿಯು ಇಂಧನ, ನೀರು ಮತ್ತು ಕಟ್ಟಡ ಸಾಮಗ್ರಿಯ ತಯಾರಿಕೆಯಿಂದಾಗುವ ಪರಿಸರದ ಹೊರೆ, ಈ ಮೂರರಲ್ಲೂ ತಲಾ ಶೇ. 20ರ ಕಡಿತ ಕೇಳುತ್ತದೆ, ಲೆಕ್ಕಕ್ಕೆ ಸ್ಥಳೀಯ ಹವಾಮಾನದ ಅಂಕಿಗಳನ್ನು ತುಂಬಲು ಬಿಡುತ್ತದೆ. ‘ಗೃಹ’ (GRIHA) ಎಂಬ ಭಾರತದ ಹಸಿರು ರೇಟಿಂಗ್ ಸಂಸ್ಥೆಯಲ್ಲಿ 2500 ಚದರ ಮೀಟರಿಗಿಂತ ಚಿಕ್ಕ ಕಟ್ಟಡಗಳಿಗೆಂದೇ ಸ್ವಗೃಹ ಎಂಬ ವಿಭಾಗವಿದೆ. ಎರಡನ್ನೂ ನೋಡಿ. ಯಾವುದಕ್ಕೆ ಹೋದರೂ ಇಂಗುಗುಂಡಿ ಏಕೆ ಬೇಡವೆಂಬುದನ್ನು ಮಳೆಯ ದಾಖಲೆಯೊಂದಿಗೆ ಲಿಖಿತವಾಗಿ ಕೊಡಿ. ಬರೀ ‘ನಮ್ಮಲ್ಲಿ ಮಳೆ ಜಾಸ್ತಿ’ ಎಂದರೆ ಪರಿಶೀಲಕರು ಒಪ್ಪುವುದು ಕಷ್ಟ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ದಾಖಲೆಯ ಚಿಂತೆಯಿಲ್ಲ, ತಂದೆಯವರ ಕಾಲದಿಂದ ತೋಟದ ಮಳೆ ಪುಸ್ತಕ ಬರೆಯುತ್ತಲೇ ಬಂದಿದ್ದೇವೆ. ಎಲ್ಲವೂ ಇಂಚು ಮತ್ತು ಸೆಂಟ್‌ಗಳಲ್ಲಿದೆ (ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ), ಈ ವಾರ ಕುಳಿತು ಮಿಲಿಮೀಟರಿಗೆ ಇಳಿಸುತ್ತೇನೆ.